ಇಪ್ಪತ್ತರ ಹರೆಯದವರ ಬೆನ್ನು ಹತ್ತಿದ ಪತ್ರಿಕೆಗಳು

2019ರ ಸೆಪ್ಟೆಂಬರ್‌ನಲ್ಲಿ ಒಂದು ದಿನ, ವಾಷಿಂಗ್ಟನ್ ನಗರದ ಮೆಟ್ರೊ ಪ್ರಯಾಣಿಕರ ಕೈಗೆ ಬಂದ ‘ಎಕ್ಸ್‌ಪ್ರೆಸ್’ ಪತ್ರಿಕೆ ತನ್ನ ಓದುಗರನ್ನು ಮುಖಪುಟದಲ್ಲೇ ಬೈದಿತ್ತು. ‘ಆ ನಿಮ್ಮ ಹಾಳು ಫೋನುಗಳನ್ನೇ ಹಿಡಿದುಕೊಂಡು ಸುಖವಾಗಿರಿ’ ಎಂಬ ಧಾಟಿಯ ತಲೆಬರಹ. ಅದು ಆ ಪತ್ರಿಕೆಯ ಕೊನೆಯ ಸಂಚಿಕೆ. ತನ್ನ ದಪ್ಪ ಪತ್ರಿಕೆಯನ್ನು ಮುಟ್ಟಿಯೂ ನೋಡದ ಕಿರಿಯರಿಗೆ ಪುಟ್ಟ ಗಾತ್ರದ, ಪುಕ್ಕಟೆ, ಕಾಲು ಗಂಟೆಯಲ್ಲಿ ಓದಿ ಮುಗಿಸಬಹುದಾದ ಪತ್ರಿಕೆ ಕೊಟ್ಟರೆ ಹೇಗೆ ಎಂದು ವಾಷಿಂಗ್ಟನ್ ಪೋಸ್ಟ್ ಸಂಸ್ಥೆ 2003ರಲ್ಲಿ ಅದನ್ನು ಶುರು ಮಾಡಿತ್ತು. ಹದಿನಾರು ವರ್ಷ ಬಾಳಿತು. ಇಂಥ ಪ್ರಯೋಗಗಳ ಮಟ್ಟಿಗೆ ಅದು ದೀರ್ಘಾಯುಷ್ಯವೇ ಸರಿ.

ಬೈಗುಳ ತಮಾಷೆಗೆ ಬರೆದದ್ದಾದರೂ ಅದರಲ್ಲಿದ್ದ ಹತಾಶೆ ನಿಜವಾದದ್ದು. ಜಗತ್ತಿನ ಹೆಚ್ಚುಕಡಿಮೆ ಎಲ್ಲ ಸುದ್ದಿಮನೆಗಳೂ ಅದೇ ಹತಾಶೆಯಲ್ಲಿವೆ. ಆಕ್ಸ್‌ಫರ್ಡ್‌ನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಪ್ರತಿವರ್ಷ ಹತ್ತಾರು ದೇಶಗಳಲ್ಲಿ ನಡೆಸುವ ಸಮೀಕ್ಷೆಯ 2025ರ ಆವೃತ್ತಿಯಲ್ಲಿ, 18ರಿಂದ 24 ವಯಸ್ಸಿನವರ ಪೈಕಿ ಶೇ 44ರಷ್ಟು ಮಂದಿ ಸುದ್ದಿಗೆ ತಮ್ಮ ಮುಖ್ಯ ಮೂಲ ಸಾಮಾಜಿಕ ಮಾಧ್ಯಮ ಮತ್ತು ವಿಡಿಯೊ ತಾಣಗಳೇ ಎಂದಿದ್ದಾರೆ. ಮುದ್ರಿತ ಪತ್ರಿಕೆಯ ಮಾತು ಹಾಗಿರಲಿ, ಪತ್ರಿಕೆಯ ವೆಬ್‌ಸೈಟನ್ನು ವಿಳಾಸ ಒತ್ತಿ ತೆರೆಯುವ ಅಭ್ಯಾಸವೇ ಈ ವಯಸ್ಸಿನವರಲ್ಲಿ ಕಡಿಮೆ.

ಹಾಗೆಂದು ಪತ್ರಿಕೆಗಳು ಕೈಕಟ್ಟಿ ಕೂತಿದ್ದವು ಎನ್ನುವಂತಿಲ್ಲ. ಯುವ ಓದುಗರಿಗಾಗಿ ಅವು ಗಾತ್ರ ಬದಲಿಸಿದವು, ಬಣ್ಣ ಬದಲಿಸಿದವು, ಬೆಲೆ ಇಳಿಸಿದವು, ಕಾಗದ ಬಿಟ್ಟು ಟ್ಯಾಬ್ಲೆಟ್‌ಗೆ ಹಾರಿದವು, ಅಲ್ಲಿಂದ ಸ್ನ್ಯಾಪ್‌ಚಾಟ್‌ಗೂ ಟಿಕ್‌ಟಾಕ್‌ಗೂ ಹೋದವು. ವೇಷ ಇಷ್ಟು ಸಲ ಬದಲಾದರೂ ಪಾತ್ರ ಬದಲಾದದ್ದು ಅಪರೂಪ. ಯಾವುದು ಸುದ್ದಿ, ಅದನ್ನು ಯಾರು ತೀರ್ಮಾನಿಸುತ್ತಾರೆ, ಓದುವವನಿಗೆ ಏನೇನು ಮೊದಲೇ ಗೊತ್ತಿದೆ ಎಂದು ಎಣಿಸಿ ಬರೆಯುತ್ತಾರೆ ಎಂಬುದರ ತಂಟೆಗೆ ಹೆಚ್ಚಿನವರು ಹೋಗಲೇ ಇಲ್ಲ. ಈ ಅರ್ಧ ಶತಮಾನದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎದ್ದು ಕಾಣುವ ಸಂಗತಿ ಇದೇ ಎಂದು ನನಗನಿಸುತ್ತದೆ.

‘ದೊಡ್ಡವರಾದ ಮೇಲೆ ಓದುತ್ತಾರೆ’

ಈ ಸಮಸ್ಯೆಯನ್ನು ಇಂಟರ್‌ನೆಟ್‌ನ ತಲೆಗೆ ಕಟ್ಟುವವರಿದ್ದಾರೆ. ಆದರೆ ಅಮೆರಿಕದಲ್ಲಿ ಯುವಕರು ದಿನಪತ್ರಿಕೆಯಿಂದ ದೂರ ಸರಿಯಲು ಶುರುವಾದದ್ದು ಮನೆಮನೆಗೆ ಟಿವಿ ಬಂದ ಕಾಲದಲ್ಲಿ. 1970ರ ದಶಕಕ್ಕಾಗಲೇ ಸಂಪಾದಕರ ಸಭೆಗಳಲ್ಲಿ ಇದೊಂದು ಮಾಮೂಲಿ ಚಿಂತೆಯಾಗಿತ್ತು. ಅದಕ್ಕೆ ಸಿಗುತ್ತಿದ್ದ ಸಮಾಧಾನವೂ ಮಾಮೂಲಿಯೇ: ಈಗ ಹುಡುಗಾಟದ ವಯಸ್ಸು, ಮದುವೆಯಾಗಿ, ಮನೆ ಕೊಂಡು, ತೆರಿಗೆ ಕಟ್ಟಲು ಶುರು ಮಾಡಿದ ಮೇಲೆ ತಾವಾಗಿಯೇ ಪತ್ರಿಕೆ ತರಿಸುತ್ತಾರೆ.

ತರಿಸಲಿಲ್ಲ. ಅಮೆರಿಕದ ಜನರಲ್ ಸೋಷಿಯಲ್ ಸರ್ವೆ 1972ರಿಂದ ‘ಪತ್ರಿಕೆಯನ್ನು ಎಷ್ಟು ಸಲ ಓದುತ್ತೀರಿ’ ಎಂಬ ಪ್ರಶ್ನೆಯನ್ನು ಕೇಳುತ್ತ ಬಂದಿದೆ. ಒಂದೊಂದು ತಲೆಮಾರನ್ನು ಬೇರೆ ಬೇರೆಯಾಗಿ ಹಿಂಬಾಲಿಸಿ ನೋಡಿದ ಸಂಶೋಧಕರಿಗೆ ಕಂಡದ್ದು ಇಷ್ಟು. ಪ್ರತಿ ತಲೆಮಾರೂ ತನ್ನ ಹಿಂದಿನದಕ್ಕಿಂತ ಕಡಿಮೆ ಓದಿನೊಂದಿಗೆ ಶುರು ಮಾಡುತ್ತದೆ, ವಯಸ್ಸಾದಂತೆ ಆ ಕೊರತೆ ತುಂಬಿಕೊಳ್ಳುವುದಿಲ್ಲ. ಇಪ್ಪತ್ತರಲ್ಲಿ ಅಂಟದ ಅಭ್ಯಾಸ ನಲವತ್ತರಲ್ಲಿ ತಾನಾಗಿ ಅಂಟುವುದು ವಿರಳ. ಮಾರಾಟದ ಒಟ್ಟು ಅಂಕಿ ಮಾತ್ರ ಬಹುಕಾಲ ಗಟ್ಟಿಯಾಗಿಯೇ ಕಾಣುತ್ತಿತ್ತು, ಏಕೆಂದರೆ ಹಳೆಯ ಚಂದಾದಾರರು ಇನ್ನೂ ಬದುಕಿದ್ದರು. ಅಪಾಯ ಕಣ್ಣಿಗೆ ಬೀಳದಂತೆ ಮರೆಮಾಚಿದ್ದು ಈ ನಿಷ್ಠಾವಂತ ಹಿರಿಯರೇ.

ಇನ್ನೊಂದು ವಿಚಾರ ಸ್ವಲ್ಪ ಕಹಿಯಾದದ್ದು. ಪತ್ರಿಕೆಗಳಿಗೆ ಯುವಕರು ಬೇಕಾದದ್ದು ಬಹುಮಟ್ಟಿಗೆ ಜಾಹೀರಾತುದಾರರಿಗೆ ಯುವಕರು ಬೇಕಾಗಿದ್ದರಿಂದ. 18ರಿಂದ 34ರ ವಯೋಮಾನ ಎಂದರೆ ಮೊದಲ ಸಂಬಳ, ಮೊದಲ ವಾಹನ, ಮೊದಲ ಬಾಡಿಗೆ ಮನೆ. ಯಾವ ಬ್ರ್ಯಾಂಡ್ ಎಂದು ಇನ್ನೂ ನಿರ್ಧರಿಸದ ಗ್ರಾಹಕ. ಹಾಗಾಗಿ ಯುವ ಪುರವಣಿಯ ಮೊದಲ ಕರಡು ಎಷ್ಟೋ ಸಲ ಸಂಪಾದಕೀಯ ವಿಭಾಗಕ್ಕಿಂತ ಮುಂಚೆ ಜಾಹೀರಾತು ವಿಭಾಗದ ಮೇಜಿನ ಮೇಲೆ ತಯಾರಾಗುತ್ತಿತ್ತು. ಇದರ ಗುರುತು ಪುರವಣಿಯ ಮೈಮೇಲೆಯೇ ಕಾಣುತ್ತದೆ. ಮೊಬೈಲ್, ಬಟ್ಟೆ, ಸಿನಿಮಾ, ಡೇಟಿಂಗ್ ಸಲಹೆ ಅದರಲ್ಲಿ ಧಾರಾಳ. ಶಿಕ್ಷಣ ಸಾಲ, ಬಾಡಿಗೆ ಕರಾರು, ಕೆಲಸದ ಜಾಗದ ಕಾನೂನು ಹುಡುಕಿದರೂ ಸಿಗುವುದಿಲ್ಲ.

1990ರಲ್ಲಿ ನೈಟ್-ರಿಡರ್ ಎಂಬ ದೊಡ್ಡ ಅಮೆರಿಕನ್ ಪತ್ರಿಕಾ ಸಮೂಹ ಫ್ಲಾರಿಡಾದ ‘ಬೋಕಾ ರೇಟನ್ ನ್ಯೂಸ್’ ಪತ್ರಿಕೆಯನ್ನು ಪ್ರಯೋಗಶಾಲೆ ಮಾಡಿಕೊಂಡಿತು. ಯೋಜನೆಯ ಹೆಸರು ‘25/43’. ಅದು ಗುರಿಯಿಟ್ಟ ಓದುಗರ ವಯಸ್ಸು ಹೆಸರಿನಲ್ಲೇ ಇದೆ. ಚುಟುಕು ವರದಿಗಳು, ನಕ್ಷೆಗಳು, ಕಣ್ಣಿಗೆ ಹೊಡೆಯುವ ಬಣ್ಣ. ವರದಿಯ ಉಳಿದ ಭಾಗ ಒಳಪುಟದಲ್ಲಿ ಮುಂದುವರಿಯುವುದಂತೂ ನಿಷಿದ್ಧ. ಇಡೀ ಉದ್ಯಮ ಅದನ್ನು ನೋಡಲು ಸಾಲುಗಟ್ಟಿತು. ಅಂದು ‘ಓಡುವ ಕಾಲದ ಯುವಕರು, ಇವರಿಗೆ ಓದಲು ಪುರುಸೊತ್ತಿಲ್ಲ’ ಎನಿಸಿಕೊಂಡವರಲ್ಲಿ ಹೆಚ್ಚಿನವರು ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ ತಲೆಮಾರಿನವರು. ‘ಈಗಿನ ಹುಡುಗರಿಗೆ ತಾಳ್ಮೆಯೇ ಇಲ್ಲ’ ಎಂದು ಗೊಣಗುವ ಇಂದಿನ ಹಿರಿಯರೂ ಅವರೇ. ಬೋಕಾ ರೇಟನ್ ನ್ಯೂಸ್ 2009ರಲ್ಲಿ ಮುದ್ರಣ ನಿಲ್ಲಿಸಿತು.

ಮಕ್ಕಳಿಗೆ ಬೇರೆ ಪಂಕ್ತಿ

1995ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನ ಸುರಂಗ ರೈಲು ನಿಲ್ದಾಣಗಳಲ್ಲಿ ‘ಮೆಟ್ರೊ’ ಎಂಬ ಉಚಿತ ದಿನಪತ್ರಿಕೆ ಕಾಣಿಸಿಕೊಂಡಿತು. ಯುವ ಓದುಗರ ಚರಿತ್ರೆಯಲ್ಲಿ ಇದಕ್ಕಿಂತ ಜಾಣ ಉಪಾಯ ಇನ್ನೊಂದಿಲ್ಲ ಎನ್ನಬಹುದು. ಅದು ಓದುಗನ ಮನಸ್ಸನ್ನು ಬದಲಿಸುವ ಗೋಜಿಗೆ ಹೋಗಲಿಲ್ಲ. ಅವನ ದಿನಚರಿಯಲ್ಲಿ ಖಾಲಿ ಬಿದ್ದಿದ್ದ ಇಪ್ಪತ್ತು ನಿಮಿಷವನ್ನು ಹುಡುಕಿ ಅಲ್ಲಿ ಕೂತುಕೊಂಡಿತು. ಮನೆಗೆ ಹಾಕಿಸುವ ಖರ್ಚಿಲ್ಲ, ಚಂದಾ ವಸೂಲಿಯ ತಲೆನೋವಿಲ್ಲ, ದುಡ್ಡೆಲ್ಲ ಜಾಹೀರಾತಿನದು. ಹತ್ತು ವರ್ಷಗಳೊಳಗೆ ಈ ಮಾದರಿ ಯುರೋಪು, ಅಮೆರಿಕ, ಏಷ್ಯಾದ ನಗರಗಳಿಗೆಲ್ಲ ಹಬ್ಬಿತು. ಪತ್ರಿಕೆಯನ್ನೇ ಓದದವರೆಂದು ಕೈಬಿಟ್ಟಿದ್ದ ಯುವಕರು ಸಾಲುಸಾಲಾಗಿ ಕೂತು ಪತ್ರಿಕೆ ಓದುವ ದೃಶ್ಯ ಕಂಡು ದೊಡ್ಡ ಸಂಸ್ಥೆಗಳು ದಂಗಾದವು.

ಷಿಕಾಗೊದಲ್ಲಿ ಟ್ರಿಬ್ಯೂನ್ ಸಂಸ್ಥೆ 2002ರ ಅಕ್ಟೋಬರ್‌ನಲ್ಲಿ ‘ರೆಡ್‌ಐ’ ತಂದಿತು. ಪ್ರತಿಸ್ಪರ್ಧಿ ಸನ್-ಟೈಮ್ಸ್ ಅದೇ ಹೊತ್ತಿಗೆ ‘ರೆಡ್ ಸ್ಟ್ರೀಕ್’ ಹೊರಡಿಸಿತು. ಎರಡೂ ಕೆಂಪು, ಎರಡೂ ಪುಟ್ಟವು, ಎರಡಕ್ಕೂ ಬೇಕಾದದ್ದು ಅದೇ ಯುವಕರು. ರೆಡ್ ಸ್ಟ್ರೀಕ್ ಮೂರೇ ವರ್ಷಕ್ಕೆ ಮುಗಿಯಿತು. ರೆಡ್‌ಐ 2017ರಲ್ಲಿ ವಾರಪತ್ರಿಕೆಯಾಗಿ, ಕೋವಿಡ್ ಬಂದಾಗ ನಿಂತೇಹೋಯಿತು. ಸ್ವೀಡನ್‌ನ ಮೂಲ ‘ಮೆಟ್ರೊ’ ಕೂಡ 2019ರಲ್ಲಿ ಮುದ್ರಣ ನಿಲ್ಲಿಸಿತು. ಸುರಂಗದೊಳಗೆ ಮೊಬೈಲ್ ಸಿಗ್ನಲ್ ಸಿಗತೊಡಗಿದ ಮೇಲೆ ಆ ಖಾಲಿ ಇಪ್ಪತ್ತು ನಿಮಿಷ ಖಾಲಿಯಾಗಿ ಉಳಿಯಲಿಲ್ಲ. ಜಾಹೀರಾತೂ ಅದರ ಬೆನ್ನಲ್ಲೇ ಫೋನಿಗೆ ನಡೆಯಿತು.

ಈ ಪತ್ರಿಕೆಗಳ ಮೇಲೆ ಮೂಗು ಮುರಿಯುವುದು ಸುಲಭ. ಆದರೆ ಯುವಕರಿಗೆಂದೇ ಮಾಡಿದ ಪ್ರಕಟಣೆಗಳೆಲ್ಲ ಹಗುರವಾಗಿದ್ದವು ಎನ್ನುವುದು ತಪ್ಪು. ಜರ್ಮನಿಯ ‘ಜ್ಯೂಡ್‌ಡಾಯ್ಚ ತ್ಸೈಟುಂಗ್’ 1993ರಿಂದ ಪ್ರತಿ ಸೋಮವಾರ ‘ಯೆಟ್ಸ್ಟ್’ ಎಂಬ ಪುರವಣಿ ಕೊಡುತ್ತಿತ್ತು. ಹದಿಹರೆಯದವರ ಬದುಕನ್ನು ಅಷ್ಟು ಗಂಭೀರವಾಗಿ, ಅಷ್ಟು ಸೊಗಸಾಗಿ ಬರೆದ ಪುಟಗಳು ಕಡಿಮೆ. ಓದುಗರ ಪ್ರೀತಿಗೇನೂ ಕೊರತೆಯಿರಲಿಲ್ಲ. 2002ರಲ್ಲಿ ಜಾಹೀರಾತು ಮಾರುಕಟ್ಟೆ ಕುಸಿದಾಗ ಸಂಸ್ಥೆ ಅದನ್ನು ನಿಲ್ಲಿಸಿತು. ಅಲ್ಲಿನದೇ ‘ಡೆರ್ ಷ್ಪೀಗೆಲ್’ ವಾರಪತ್ರಿಕೆಯ ಬಳಗ 2015ರಲ್ಲಿ ಯುವಕರಿಗೆಂದು ‘ಬೆಂಟೊ’ ತಾಣ ತೆರೆಯಿತು, 2020ರಲ್ಲಿ ಬಾಗಿಲು ಹಾಕಿತು. ನ್ಯೂಯಾರ್ಕ್ ಟೈಮ್ಸ್ 2014ರಲ್ಲಿ ಕಿರಿಯ ಓದುಗರಿಗಾಗಿ ‘ಎನ್‌ವೈಟಿ ನೌ’ ಆ್ಯಪ್ ಬಿಟ್ಟು ಎರಡು ವರ್ಷಕ್ಕೆ ಹಿಂತೆಗೆದುಕೊಂಡಿತು. ಮಾಧ್ಯಮ ದೊರೆ ರೂಪರ್ಟ್ ಮರ್ಡಾಕ್‌ರ ‘ದಿ ಡೈಲಿ’ ಐಪ್ಯಾಡ್‌ಗೆಂದೇ ಹುಟ್ಟಿದ ದಿನಪತ್ರಿಕೆ, ವಾರಕ್ಕೆ 99 ಸೆಂಟ್. 2011ರ ಫೆಬ್ರುವರಿಯಲ್ಲಿ ಬಂದು 2012ರ ಡಿಸೆಂಬರ್‌ಗೆ ಮುಚ್ಚಿತು.

ಇಷ್ಟೊಂದು ಸಾವುಗಳ ಕಾರಣ ಪ್ರತಿ ಸಲವೂ ಓದುಗರ ಕೊರತೆಯಲ್ಲ. ಯುವ ಪ್ರಕಟಣೆಯನ್ನು ಬೇರೆ ಹೆಸರು, ಬೇರೆ ತಂಡ, ಬೇರೆ ಬಜೆಟ್ ಕೊಟ್ಟು ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸಿದರೆ, ಖರ್ಚು ತಗ್ಗಿಸುವ ದಿನ ಬಂದಾಗ ಕತ್ತರಿಸಲು ಎಲ್ಲಕ್ಕಿಂತ ಸುಲಭವಾಗಿ ಸಿಗುವುದೂ ಅದೇ. ಮುಖ್ಯ ಪತ್ರಿಕೆಗೆ ಅದರಿಂದ ಗಾಯವಾಗುವುದಿಲ್ಲ. ಅಲ್ಲಿ ಕಲಿತ ಪಾಠವೂ ಮುಖ್ಯ ಪತ್ರಿಕೆಯೊಳಗೆ ಬರುವುದಿಲ್ಲ, ಏಕೆಂದರೆ ಆ ತಂಡ ಕೂರುತ್ತಿದ್ದದ್ದೇ ಇನ್ನೊಂದು ಮಹಡಿಯಲ್ಲಿ. ಇದಕ್ಕೆ ವ್ಯತಿರಿಕ್ತವಾಗಿ ಬ್ರಿಟನ್‌ನ ‘ಐ’ ಪತ್ರಿಕೆಯನ್ನು ನೋಡಿ. ‘ದಿ ಇಂಡಿಪೆಂಡೆಂಟ್’ ಬಳಗ 2010ರಲ್ಲಿ 20 ಪೆನ್ಸ್‌ಗೆ ತಂದ ಸಂಕ್ಷಿಪ್ತ ಪತ್ರಿಕೆ ಅದು. ‘ಯುವಕರಿಗಾಗಿ’ ಎಂಬ ಹಣೆಪಟ್ಟಿ ಕಟ್ಟಿಕೊಳ್ಳದೆ, ಪುರುಸೊತ್ತಿಲ್ಲದ ಎಲ್ಲರಿಗೂ ಎಂದಿತು. ತಾಯಿ ಪತ್ರಿಕೆ 2016ರಲ್ಲಿ ಮುದ್ರಣ ನಿಲ್ಲಿಸಿದರೂ ಮಗು ಇನ್ನೂ ಮಾರಾಟವಾಗುತ್ತಿದೆ. ‘ಇದು ನಿನ್ನಂಥ ಚಿಕ್ಕವರಿಗೆ’ ಎಂದು ಕೊಟ್ಟದ್ದನ್ನು ಇಪ್ಪತ್ತರ ಹರೆಯದವರು ಇಷ್ಟಪಡುವುದು ಕಡಿಮೆ. ಇದನ್ನು ತಿಳಿಯಲು ಮಾರುಕಟ್ಟೆ ಸಮೀಕ್ಷೆಯೇನೂ ಬೇಕಿರಲಿಲ್ಲ.

ಬಾಡಿಗೆ ಜಾಗದಲ್ಲಿ ಅಂಗಡಿ

2014ರಲ್ಲಿ ಸೋರಿಕೆಯಾದ ನ್ಯೂಯಾರ್ಕ್ ಟೈಮ್ಸ್‌ನ ಆಂತರಿಕ ‘ಇನ್ನೊವೇಶನ್ ರಿಪೋರ್ಟ್’ ಒಂದು ಗ್ರಾಫ್ ಮೂಲಕ ಹಲವು ಸಂಪಾದಕರ ನಿದ್ದೆ ಕೆಡಿಸಿತು. ಎರಡೇ ವರ್ಷದಲ್ಲಿ ಆ ಪತ್ರಿಕೆಯ ವೆಬ್ ಮುಖಪುಟಕ್ಕೆ ಬರುವವರ ಸಂಖ್ಯೆ ಅರ್ಧಕ್ಕಿಳಿದಿತ್ತು. ಓದುಗ ಬಾಗಿಲಿಗೆ ಬರುವುದಿಲ್ಲವಾದರೆ ಅವನಿರುವ ಕಡೆಗೆ ನಾವೇ ಹೋಗೋಣ ಎಂಬುದು ಅಂದಿನ ಮಂತ್ರವಾಯಿತು. ಮರುವರ್ಷ ಸ್ನ್ಯಾಪ್‌ಚಾಟ್ ಪ್ರಕಾಶಕರಿಗೆಂದೇ ‘ಡಿಸ್ಕವರ್’ ಎಂಬ ವಿಭಾಗ ತೆರೆಯಿತು, ಫೇಸ್‌ಬುಕ್ ಪತ್ರಿಕೆಗಳ ಬರಹ ತನ್ನೊಳಗೇ ತೆರೆದುಕೊಳ್ಳುವ ‘ಇನ್‌ಸ್ಟಂಟ್ ಆರ್ಟಿಕಲ್ಸ್’ ಕೊಟ್ಟಿತು. ಫ್ರಾನ್ಸ್‌ನ ‘ಲೆ ಮೊಂಡ್’ನಂಥ ಗಾಂಭೀರ್ಯಕ್ಕೆ ಹೆಸರಾದ ಪತ್ರಿಕೆಯೂ 2016ರಲ್ಲಿ ಸ್ನ್ಯಾಪ್‌ಚಾಟ್‌ಗೆ ಇಳಿಯಿತು.

ಆಮೇಲಿನದು ಗೊತ್ತಿರುವ ಕಥೆ. ಯುವಕರಿಗೆ ಓದು ಬೇಡ, ವಿಡಿಯೊ ಬೇಕು ಎಂಬ ನಂಬಿಕೆಯಲ್ಲಿ ಎಷ್ಟೋ ಸಂಸ್ಥೆಗಳು ಬರೆಯುವವರನ್ನು ಕಳುಹಿಸಿ ವಿಡಿಯೊ ಮಾಡುವವರನ್ನು ತುಂಬಿಕೊಂಡವು. ತಾನು ಹೇಳುತ್ತಿದ್ದ ಸರಾಸರಿ ವೀಕ್ಷಣಾ ಸಮಯ ಶೇ 60ರಿಂದ 80ರಷ್ಟು ಉಬ್ಬಿದ್ದಿರಬಹುದು ಎಂದು ಫೇಸ್‌ಬುಕ್ 2016ರಲ್ಲಿ ಜಾಹೀರಾತುದಾರರ ಮುಂದೆ ಒಪ್ಪಿಕೊಂಡಿತು. ಅಷ್ಟರಲ್ಲಿ ಬರೆಯುವವರು ಮನೆ ಸೇರಿದ್ದರು. ಮುಂದೆ ಫೇಸ್‌ಬುಕ್‌ಗೆ ಸುದ್ದಿಯ ಮೇಲಿನ ಆಸಕ್ತಿಯೇ ಹೋಯಿತು. ಇನ್‌ಸ್ಟಂಟ್ ಆರ್ಟಿಕಲ್ಸ್ 2023ರಲ್ಲಿ ಮುಗಿಯಿತು. ಅದೇ ವರ್ಷ ಆಗಸ್ಟ್‌ನಿಂದ ಕೆನಡಾದಲ್ಲಿ, ಸುದ್ದಿಗೆ ಹಣ ಕೊಡಬೇಕೆಂಬ ಕಾನೂನಿಗೆ ಪ್ರತಿಯಾಗಿ, ಮೆಟಾ ತನ್ನ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಸುದ್ದಿಯನ್ನೇ ತಡೆಹಿಡಿಯಿತು.

ಪತ್ರಿಕೆಗಳು ಹಳೇ ಕಾಲದವು, ಅದಕ್ಕೇ ಸೋತವು ಎಂಬ ವಾದಕ್ಕೆ ಇಲ್ಲೊಂದು ಅಡ್ಡಿಯಿದೆ. ಹುಟ್ಟಾ ಯುವಕರದೇ ಆಗಿದ್ದ ಡಿಜಿಟಲ್ ಸುದ್ದಿಸಂಸ್ಥೆಗಳೂ ಉಳಿಯಲಿಲ್ಲ. ‘ಮಿಕ್’ 2018ರ ನವೆಂಬರ್‌ನಲ್ಲಿ ಬಹುತೇಕ ಸಿಬ್ಬಂದಿಯನ್ನು ಕೈಬಿಟ್ಟಿತು. 2021ರಲ್ಲಿ ಪುಲಿಟ್ಜರ್ ಪ್ರಶಸ್ತಿ ಗೆದ್ದ ‘ಬಜ್‌ಫೀಡ್ ನ್ಯೂಸ್’ 2023ರಲ್ಲಿ ಮುಚ್ಚಿತು. ಅದೇ ವರ್ಷ ‘ವೈಸ್’ ದಿವಾಳಿ ಅರ್ಜಿ ಹಾಕಿತು. ಇವರ ಭಾಷೆ, ಧಾಟಿ, ವಯಸ್ಸು ಯಾವುದರಲ್ಲೂ ದೋಷವಿರಲಿಲ್ಲ. ಓದುಗ ಬರುವ ದಾರಿ ಇನ್ನೊಬ್ಬರ ಜಮೀನಿನಲ್ಲಿತ್ತು, ಅಷ್ಟೆ.

ಹೆಸರಿಗಿಂತ ಮುಖ

2019ರಲ್ಲಿ ವಾಷಿಂಗ್ಟನ್ ಪೋಸ್ಟ್ ಟಿಕ್‌ಟಾಕ್‌ಗೆ ಬಂದಾಗ ಅನೇಕರು ನಕ್ಕರು. ವಾಟರ್‌ಗೇಟ್ ಹಗರಣವನ್ನು ಬಯಲಿಗೆಳೆದ ಪತ್ರಿಕೆ ಇಲ್ಲಿ ಕುಣಿಯುವುದೇ ಎಂದು. ಡೇವ್ ಜಾರ್ಗೆನ್ಸನ್ ಎಂಬ ನಿರ್ಮಾಪಕ ಸುದ್ದಿಮನೆಯೊಳಗೇ ಕ್ಯಾಮೆರಾ ಇಟ್ಟುಕೊಂಡು, ತಾನೇ ಎರಡು ಮೂರು ಪಾತ್ರ ಮಾಡಿ, ದಿನದ ಸುದ್ದಿಯನ್ನು ಪ್ರಹಸನದಂತೆ ಹೇಳುತ್ತಿದ್ದರು. ಪತ್ರಿಕೆಯೊಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದನ್ನು ಕಿರಿಯರು ಮೆಚ್ಚಿದರು. ಲಕ್ಷಾಂತರ ಮಂದಿ ಹಿಂಬಾಲಕರಾದರು. 2025ರಲ್ಲಿ ಜಾರ್ಗೆನ್ಸನ್ ಪೋಸ್ಟ್ ಬಿಟ್ಟು ಸ್ವಂತ ಕಂಪನಿ ಶುರು ಮಾಡಿದರು.

ಇಲ್ಲಿಯ ಇಕ್ಕಟ್ಟು ಕುತೂಹಲದ್ದು. ಹಳೆಯ ಓದುಗ ಪತ್ರಿಕೆಯ ಹೆಸರನ್ನು ನಂಬುತ್ತಿದ್ದ. ವರದಿಗಾರನ ಹೆಸರು ಅವನಿಗೆ ನೆನಪಿದ್ದರೆ ಅದು ವಿಶೇಷ. ಈಗಿನ ಇಪ್ಪತ್ತರವರು ಮುಖವನ್ನು ನಂಬುತ್ತಾರೆ. ಇವನು ತಪ್ಪಾದಾಗ ಏನು ಮಾಡುತ್ತಾನೆ, ಕಾಮೆಂಟ್‌ಗೆ ಉತ್ತರ ಕೊಡುತ್ತಾನೆಯೇ, ಇದನ್ನು ಹೇಳುವಾಗ ಇವನಿಗೆ ಎಷ್ಟು ಖಚಿತವಿದೆ ಎಂಬುದನ್ನು ಮುಖ ನೋಡಿ ಅಳೆಯುತ್ತಾರೆ. ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಕಂಡುಕೊಂಡಂತೆ, ಅಮೆರಿಕದ 30ರೊಳಗಿನವರಲ್ಲಿ ಶೇ 37ರಷ್ಟು ಮಂದಿ ಸುದ್ದಿ ಇನ್‌ಫ್ಲುಯೆನ್ಸರ್‌ಗಳಿಂದ ನಿಯಮಿತವಾಗಿ ಸುದ್ದಿ ಪಡೆಯುತ್ತಾರೆ. ಆ ಅಧ್ಯಯನ ಪರಿಶೀಲಿಸಿದ ಇನ್‌ಫ್ಲುಯೆನ್ಸರ್‌ಗಳ ಪೈಕಿ ಶೇ 77ರಷ್ಟು ಮಂದಿಗೆ ಯಾವ ಸುದ್ದಿಸಂಸ್ಥೆಯ ಹಿನ್ನೆಲೆಯೂ ಇರಲಿಲ್ಲ. ಫ್ರಾನ್ಸ್‌ನಲ್ಲಿ ‘ಯುಗೊ ದೆಕ್ರಿಪ್ಟ್’ ಹೆಸರಿನಲ್ಲಿ ಸುದ್ದಿ ಬಿಡಿಸಿ ಹೇಳುವ ಯುಗೊ ತ್ರಾವೆರ್, 2025ರ ರಾಯಿಟರ್ಸ್ ವರದಿಯ ಪ್ರಕಾರ, 35ರೊಳಗಿನ ಫ್ರೆಂಚರಲ್ಲಿ ಶೇ 22ರಷ್ಟು ಮಂದಿಯನ್ನು ಮುಟ್ಟುತ್ತಾರೆ. ಅವರು ಕುಣಿಯುವುದೂ ಇಲ್ಲ, ಕೂಗಾಡುವುದೂ ಇಲ್ಲ. ಮೊದಲಿನಿಂದ, ನಿಧಾನವಾಗಿ, ಹಿನ್ನೆಲೆ ಸಮೇತ ಹೇಳುತ್ತಾರೆ.

ಪತ್ರಿಕೆ ತನ್ನ ವರದಿಗಾರನ ಮುಖವನ್ನು ಮುಂದೆ ತಂದರೆ ಯುವಕರು ಬರುತ್ತಾರೆ. ಆದರೆ ಅವರು ಬಂದದ್ದು ಆ ಮುಖಕ್ಕಾಗಿ, ಅದು ಹೋದ ದಿನ ಹಿಂದೆಯೇ ಹೋಗುತ್ತಾರೆ. ಮುಖ ತರದಿದ್ದರೆ ಬರುವುದೇ ಇಲ್ಲ. ಸಂಪಾದಕರು ಇದಕ್ಕೆ ಹೆದರಿ ಹಿಂದೆಗೆದರೆ ನಷ್ಟ ಪತ್ರಿಕೆಗೇ. ಒಳ್ಳೆಯ ವರದಿಗಾರರು ಇನ್ನೊಂದು ಪತ್ರಿಕೆಗೆ ಹಾರುವುದು ಹೊಸದೇನೂ ಅಲ್ಲವಲ್ಲ. ಈಗ ಓದುಗರನ್ನೂ ಕರೆದುಕೊಂಡು ಹೋಗುತ್ತಾರೆ ಎಂಬುದಷ್ಟೇ ಹೊಸದು. ಅದಕ್ಕೆ ತಕ್ಕಂತೆ ಸಂಬಳ, ಒಪ್ಪಂದ, ಸ್ವಾತಂತ್ರ್ಯ ಬದಲಾಗಬೇಕು.

ಪದಬಂಧದ ಬಾಗಿಲು

ಇದೆಲ್ಲದರ ನಡುವೆ ಹಣದ ಲೆಕ್ಕದಲ್ಲಿ ಗೆದ್ದದ್ದು ಒಂದು ಹಳೆಯ ಸರಕು. ಮೊದಲ ಪದಬಂಧ 1913ರ ಡಿಸೆಂಬರ್‌ನಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಂತು. ಈ ಹುಚ್ಚು ಊರೆಲ್ಲ ಹಬ್ಬಿದಾಗ, 1924ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದೊಂದು ಪಾಪಕರ ಕಾಲಹರಣ ಎಂದು ಜರೆದಿತ್ತು. 1942ರಲ್ಲಿ ತಾನೇ ಪದಬಂಧ ಶುರು ಮಾಡಿತು. 2014ರಲ್ಲಿ ಒಂದೆರಡು ನಿಮಿಷದಲ್ಲಿ ಮುಗಿಯುವ ಪುಟ್ಟ ಪದಬಂಧ, 2022ರ ಜನವರಿಯಲ್ಲಿ ಖರೀದಿಸಿದ, ಐದಕ್ಷರದ ಪದ ಊಹಿಸುವ ‘ವರ್ಡಲ್’, 2023ರಲ್ಲಿ ಪದಗಳನ್ನು ಗುಂಪು ಮಾಡುವ ‘ಕನೆಕ್ಷನ್ಸ್’ ಹೀಗೆ ಆಟಗಳ ಸಾಲು ಬೆಳೆಯಿತು. ಅಡುಗೆ, ಕ್ರೀಡೆ, ಆಟ, ಸುದ್ದಿ ಎಲ್ಲ ಸೇರಿಸಿ ಮಾರುವ ಆ ಸಂಸ್ಥೆಯ ಚಂದಾದಾರರ ಸಂಖ್ಯೆ 2025ರಲ್ಲಿ 1 ಕೋಟಿ 20 ಲಕ್ಷ ದಾಟಿತು.

ಇದರಲ್ಲಿ ಗಮನಿಸಬೇಕಾದದ್ದು ಆಟಕ್ಕಿಂತ ಅದರ ನಿಯಮ. ದಿನಕ್ಕೊಂದೇ ಒಗಟು, ಎಲ್ಲರಿಗೂ ಅದೇ ಒಗಟು, ಮುಗಿದ ಮೇಲೆ ನಾಳೆವರೆಗೆ ಕಾಯಬೇಕು. ದಿನಪತ್ರಿಕೆಯ ಹಳೆಯ ಗುಣಗಳು ಇವೇ. ಬೆಳಿಗ್ಗೆ ಬರುತ್ತಿತ್ತು, ಎಲ್ಲರೂ ಅದನ್ನೇ ಓದುತ್ತಿದ್ದರು, ಒಂದು ಹಂತದಲ್ಲಿ ಮುಗಿಯುತ್ತಿತ್ತು. ಕೊನೆಯೇ ಇಲ್ಲದ ಫೀಡ್‌ನಲ್ಲಿ ಬೆಳೆದವರಿಗೆ ಮುಗಿಯುವ ವಸ್ತು ಹಿತವೆನಿಸಿದರೆ ಆಶ್ಚರ್ಯವಿಲ್ಲ. 2017ರಲ್ಲಿ ಅದೇ ಪತ್ರಿಕೆ ಆರಂಭಿಸಿದ ‘ದಿ ಡೈಲಿ’ ಪಾಡ್‌ಕಾಸ್ಟ್ (ಮರ್ಡಾಕ್‌ರ ಪತ್ರಿಕೆಗೂ ಇದಕ್ಕೂ ಹೆಸರೊಂದೇ ಸಮಾನ) ಗೆದ್ದದ್ದೂ ಹೀಗೆಯೇ. ದಿನಕ್ಕೊಂದು ವಿಷಯ, ಸುಮಾರು ಅರ್ಧ ಗಂಟೆ, ಪರಿಚಿತ ದನಿ.

ಆಟಕ್ಕೆ ಬಂದವರು ಸುದ್ದಿಗೆ ತಿರುಗುತ್ತಾರೆಯೇ? ಚಂದಾದಾರ ಪಟ್ಟಿಯಲ್ಲಿ ಇಬ್ಬರೂ ಒಂದೇ ತಲೆಯಾಗಿ ಎಣಿಕೆಯಾಗುತ್ತಾರೆ. ಸುದ್ದಿಮನೆಯ ಖರ್ಚಿಗೆ ಒದಗುವ ದುಡ್ಡಿಗೂ ಮೂಲದ ಭೇದವಿಲ್ಲ. ಆದರೆ ಒಗಟು ಬಿಡಿಸಿ ಆ್ಯಪ್ ಮುಚ್ಚುವವನನ್ನು ಓದುಗ ಎನ್ನಲು ನನಗೆ ಧೈರ್ಯ ಸಾಲದು. ಜತೆಗೆ, ಈ ದಾರಿ ಹಿಡಿಯಲು ಬೇಕಾದ ಬಂಡವಾಳ ಬೆರಳೆಣಿಕೆಯ ಸಂಸ್ಥೆಗಳ ಬಳಿ ಮಾತ್ರ ಇದೆ.

ನಿನ್ನೆಯದನ್ನು ಓದದವನಿಗೆ

ಈಗ ಬರವಣಿಗೆಗೆ ಬರೋಣ. ಪತ್ರಿಕಾ ವರದಿ ಹೊಸ ಸಂಗತಿಯನ್ನು ಮೊದಲು ಹೇಳಿ, ಹಿನ್ನೆಲೆಯನ್ನು ಕೊನೆಗೆ ತಳ್ಳುತ್ತದೆ. ದಿನವೂ ಓದುವವನಿಗೆ ಇದು ಸೊಗಸಾದ ಏರ್ಪಾಡು. ನಿನ್ನೆಯದು ಗೊತ್ತಿರುವವನಿಗೆ ಇಂದಿನದಷ್ಟೇ ಸಾಕು. ಆದರೆ ಇಪ್ಪತ್ತೆರಡರ ಯುವತಿ ಒಂದು ನೋಟಿಫಿಕೇಶನ್ ಒತ್ತಿ ಮೊದಲ ಸಲ ಆ ಸುದ್ದಿಯೊಳಗೆ ಬಿದ್ದಾಗ ಅವಳಿಗೆ ಸಿಗುವುದು ಧಾರಾವಾಹಿಯ ನಾಲ್ಕುನೂರನೇ ಕಂತು. ‘ತಿದ್ದುಪಡಿ ಮಸೂದೆಗೆ ಮೇಲ್ಮನೆಯಲ್ಲಿ ಹಿನ್ನಡೆ’ ಎಂದಿರುತ್ತದೆ. ಯಾವ ಮಸೂದೆ, ಯಾಕೆ ತಿದ್ದುಪಡಿ, ಹಿನ್ನಡೆಯಾದರೆ ಯಾರಿಗೆ ಏನು ಎಂಬುದಕ್ಕೆ ಹನ್ನೊಂದನೇ ಪ್ಯಾರಾದವರೆಗೆ ಕಾಯಬೇಕು. ಅಷ್ಟರೊಳಗೆ ಅವಳು ಹೊರಟುಹೋಗಿರುತ್ತಾಳೆ. ಸುದ್ದಿಮನೆ ಇದನ್ನು ‘ಏಕಾಗ್ರತೆ ಇಲ್ಲದ ತಲೆಮಾರು’ ಎಂದು ದಾಖಲಿಸಿಕೊಳ್ಳುತ್ತದೆ. ಅದೇ ಯುವತಿ ಎರಡು ಗಂಟೆಯ ಪಾಡ್‌ಕಾಸ್ಟ್ ಕೇಳುತ್ತಾಳೆ, ಒಂದು ಹಳೆಯ ಕೊಲೆ ಪ್ರಕರಣದ ಎಂಟು ಕಂತುಗಳನ್ನು ಒಂದೇ ರಾತ್ರಿ ನೋಡಿ ಮುಗಿಸುತ್ತಾಳೆ.

ಬಿಬಿಸಿ ವರ್ಲ್ಡ್ ಸರ್ವಿಸ್‌ನಲ್ಲಿ 2016ರ ಸುಮಾರಿಗೆ ಡಿಮಿಟ್ರಿ ಶಿಷ್ಕಿನ್ ಮತ್ತು ಸಂಗಡಿಗರು ಓದುಗರು ಸುದ್ದಿಯ ಬಳಿ ಯಾತಕ್ಕೆ ಬರುತ್ತಾರೆ ಎಂದು ಆರು ಬಗೆ ಮಾಡಿಕೊಂಡರು. ಏನಾಯಿತು ಹೇಳಿ, ತಿಳಿಸಿಕೊಡಿ, ಬೇರೆ ಕೋನ ತೋರಿಸಿ, ಹುರುಪು ತುಂಬಿ, ಮನಸ್ಸು ಹಗುರ ಮಾಡಿ, ಜನ ಏನು ಮಾತಾಡುತ್ತಿದ್ದಾರೆ ಹೇಳಿ. ಅದರ ರಷ್ಯನ್ ವಿಭಾಗದ ಬರಹಗಳನ್ನು ಈ ಬಗೆಗಳಿಗೆ ಹಂಚಿ ನೋಡಿದರೆ ಸುಮಾರು ಶೇ 70ರಷ್ಟು ‘ಏನಾಯಿತು’ ಎಂಬ ಒಂದೇ ಬಗೆಯವು. ಓದಿಸಿಕೊಂಡದ್ದರಲ್ಲಿ ಅವುಗಳ ಪಾಲು ಶೇ 7ರ ಆಸುಪಾಸು. ಪರಿಹಾರ ಅಗ್ಗದ್ದೇ ಇತ್ತು: ಅದನ್ನು ಕಡಿಮೆ ಬರೆಯಿರಿ, ಬಿಡಿಸಿ ಹೇಳುವುದನ್ನು ಹೆಚ್ಚು ಬರೆಯಿರಿ. ಆದರೆ ವರದಿಗಾರನ ವೃತ್ತಿಗೌರವ ‘ಏನಾಯಿತು’ ಎಂಬುದನ್ನು ಎಲ್ಲರಿಗಿಂತ ಮೊದಲು ಹೇಳುವುದರಲ್ಲಿದೆ. ಹಾಗಾಗಿ ಅಗ್ಗದ ಪರಿಹಾರ ಜಾರಿಗೆ ಬರುವುದು ದುಬಾರಿ.

ಇದಕ್ಕೂ ಹತ್ತು ವರ್ಷ ಮೊದಲು, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರೀಡರ್‌ಶಿಪ್ ಇನ್‌ಸ್ಟಿಟ್ಯೂಟ್ ಮಿನಿಯಾಪೊಲಿಸ್‌ನ ‘ಸ್ಟಾರ್ ಟ್ರಿಬ್ಯೂನ್’ ಜತೆ ಸೇರಿ ಒಂದು ಪರೀಕ್ಷೆ ಮಾಡಿತ್ತು. ಒಂದೇ ದಿನದ ಪತ್ರಿಕೆಯನ್ನು ಬೇರೆ ಬೇರೆ ರೀತಿಯಲ್ಲಿ ಮರುರೂಪಿಸಿ ಯುವಕರ ಮುಂದಿಟ್ಟರು. ಅವರಿಗೆ ಹಿಡಿಸಿದ್ದು ಬಣ್ಣ ಹೆಚ್ಚಿಸಿ ತೇಪೆ ಹಾಕಿದ್ದಲ್ಲ. ‘ಇದು ನನ್ನ ಹಿತ ಕಾಯುತ್ತದೆ’, ‘ಇದರಿಂದ ನನಗೆ ಗೆಳೆಯರ ನಡುವೆ ಮಾತಾಡಲು ಏನೋ ಸಿಗುತ್ತದೆ’ ಎಂಬ ಅನುಭವವನ್ನೇ ಗುರಿಯಾಗಿಟ್ಟುಕೊಂಡು ಸುದ್ದಿ ಆರಿಸಿದ, ಕೋನ ಬದಲಿಸಿದ ಆವೃತ್ತಿ. ಗಂಭೀರ ವಿಷಯಗಳನ್ನು ತೆಗೆದುಹಾಕುವ ಅಗತ್ಯವೇ ಬೀಳಲಿಲ್ಲ. ಈ ಪಾಠ ಆಗಲೇ ಕೈಯಲ್ಲಿತ್ತು ಎಂಬುದು ನೆನಪಾದಾಗ ಸ್ವಲ್ಪ ಬೇಸರವೇ ಆಗುತ್ತದೆ.

ಸುದ್ದಿಯನ್ನು ಬೇಕೆಂದೇ ದೂರವಿಡುವವರ ಪ್ರಮಾಣವೂ ಏರುತ್ತಿದೆ. ರಾಯಿಟರ್ಸ್ ಸಮೀಕ್ಷೆಯಲ್ಲಿ 2017ರಲ್ಲಿ ಶೇ 29 ಇದ್ದದ್ದು 2025ಕ್ಕೆ ಶೇ 40. ಮನಸ್ಸು ಕುಗ್ಗುತ್ತದೆ ಎಂಬುದು ಎಲ್ಲ ವಯಸ್ಸಿನವರ ದೂರು. ಅದರ ಜತೆಗೆ ಕಿರಿಯರು ಹೆಚ್ಚಾಗಿ ಹೇಳುವ ಮಾತೆಂದರೆ ‘ಅರ್ಥವಾಗುವುದಿಲ್ಲ’. ತಮ್ಮ ವಯಸ್ಸಿನವರು ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು ಅಪರಾಧ ಮಾಡಿದಾಗ, ಅಪಘಾತದಲ್ಲಿ ಸತ್ತಾಗ, ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಾಗ ಎಂಬುದೂ ಅವರ ಕಣ್ಣಿಗೆ ಬೀಳದೇ ಇರುವುದಿಲ್ಲ. ಬಾಡಿಗೆ ಏರಿಕೆಯ ವರದಿಯಲ್ಲಿ ಮಾತಾಡುವವರು ಮನೆ ಮಾಲೀಕರ ಸಂಘದವರು, ನಿರುದ್ಯೋಗದ ವರದಿಯಲ್ಲಿ ಮಾತಾಡುವವರು ಅರ್ಥಶಾಸ್ತ್ರಜ್ಞರು. ಯುವಕರನ್ನು ಓದುಗರನ್ನಾಗಿ ಕರೆಯುವ ಮೊದಲು ಮೂಲಗಳನ್ನಾಗಿ ಕರೆಯಬಹುದಿತ್ತು. ಅದಕ್ಕೆ ಆ್ಯಪ್ ಬೇಡ, ನಾಲ್ಕು ಫೋನ್ ಕರೆ ಸಾಕು.

ಬೆಲೆ, ಬಾಲ್ಯ, ಸರ್ಕಾರ

ದುಡ್ಡಿನ ಮಾತು ಬೇಗ ಮುಗಿಸಬಹುದು. ಆನ್‌ಲೈನ್ ಸುದ್ದಿಗೆ ಹಣ ಕೊಡುವವರ ಪಾಲು, 20 ಶ್ರೀಮಂತ ದೇಶಗಳ ಸರಾಸರಿಯಲ್ಲಿ, ಶೇ 18ರ ಆಚೆ ಹೋಗುತ್ತಿಲ್ಲ. ಫೈನಾನ್ಶಿಯಲ್ ಟೈಮ್ಸ್ 16ರಿಂದ 19ರ ಶಾಲಾ ವಿದ್ಯಾರ್ಥಿಗಳಿಗೆ ಉಚಿತ ಪ್ರವೇಶ ಕೊಟ್ಟಿದೆ. ರಿಯಾಯಿತಿ ಚಂದಾ ಎಲ್ಲೆಡೆ ಇದೆ. ರಿಯಾಯಿತಿ ಮುಗಿದು ಪೂರ್ಣ ಬೆಲೆ ಬಂದ ತಿಂಗಳು ಎಷ್ಟು ಮಂದಿ ಉಳಿಯುತ್ತಾರೆ ಎಂಬುದೇ ನಿಜವಾದ ಪರೀಕ್ಷೆ. ಸಂಸ್ಥೆಗಳು ಆ ಅಂಕಿಯ ಬಗ್ಗೆ ಡಂಗುರ ಸಾರುವುದು ಕಡಿಮೆ.

ಫ್ರಾನ್ಸ್ ಸರ್ಕಾರದ ಮೂಲಕವೂ ಯತ್ನಿಸಿತು. 2009ರಲ್ಲಿ ಅಧ್ಯಕ್ಷ ನಿಕೊಲಾ ಸಾರ್ಕೋಜಿ ಯುವಕರಿಗೆ ತಾವೇ ಆರಿಸಿದ ಪತ್ರಿಕೆಯ ಒಂದು ವರ್ಷದ ಉಚಿತ ಚಂದಾ ಘೋಷಿಸಿದರು. ವಾರಕ್ಕೊಂದು ದಿನ ಪತ್ರಿಕೆ ಮನೆಗೆ ಬರುತ್ತಿತ್ತು. ಸಂಸ್ಕೃತಿಗೆಂದು 18 ತುಂಬಿದವರಿಗೆ ಆಗ 300 ಯೂರೊ ಕೊಡುತ್ತಿದ್ದ ‘ಪಾಸ್ ಕುಲ್ತ್ಯೂರ್’ 2021ರಲ್ಲಿ ದೇಶದಾದ್ಯಂತ ಜಾರಿಯಾದಾಗ ಅದರಲ್ಲಿ ಪತ್ರಿಕೆಗಳ ಡಿಜಿಟಲ್ ಚಂದಾಕ್ಕೂ ಅವಕಾಶವಿತ್ತು. ಹುಡುಗರು ಮುಗಿಬಿದ್ದದ್ದು ಜಪಾನಿನ ಮಾಂಗಾ ಕಾಮಿಕ್ಸ್‌ಗೆ. ಓದಿದರಲ್ಲ, ಅದೇ ಸಮಾಧಾನ.

ಇನ್ನೂ ಕೆಳಗಿನ ವಯಸ್ಸಿಗೆ ಹೋದವರ ಫಲ ಹೆಚ್ಚು ಗಟ್ಟಿ. ಜಪಾನಿನ ಅಸಾಹಿ ಬಳಗ 1967ರಿಂದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನಪತ್ರಿಕೆ ನಡೆಸುತ್ತಿದೆ. ಫ್ರಾನ್ಸ್‌ನಲ್ಲಿ 1995ರಿಂದ ‘ಮೊಂ ಕೊತಿದ್ಯಾಂ’, ನಾರ್ವೆಯಲ್ಲಿ 2012ರಿಂದ ‘ಆಫ್ಟನ್‌ಪೋಸ್ಟನ್ ಜೂನಿಯರ್’ ಇವೆ. ಆನ್‌ಲೈನ್ ಸುದ್ದಿಗೆ ಹಣ ಕೊಡುವವರ ಪ್ರಮಾಣ ನಾರ್ವೆಯಲ್ಲಿ ಶೇ 40ರ ಆಸುಪಾಸಿನಲ್ಲಿರುವುದಕ್ಕೆ ಮಕ್ಕಳ ಪತ್ರಿಕೆಯೇ ಕಾರಣ ಎನ್ನುವಂತಿಲ್ಲ. ಆದರೆ ಸುದ್ದಿ ಎಂದರೆ ಮನೆಯವರು ಹಣ ಕೊಟ್ಟು ತರಿಸುವ ವಸ್ತು ಎಂಬ ತಿಳಿವಳಿಕೆ ಮಕ್ಕಳಿಗೆ ಎಲ್ಲಿಂದಲೋ ಬರಬೇಕು. ಹಿಂದೆ ಅದು ತಾನಾಗಿ ಬರುತ್ತಿತ್ತು. ಪತ್ರಿಕೆ ಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುವ ವಸ್ತುವಾಗಿತ್ತು, ಅಪ್ಪ ಓದುವುದು ಮಗುವಿಗೆ ಕಾಣುತ್ತಿತ್ತು, ಒಂದು ಹಾಳೆ ಅದರ ಕೈಗೂ ಸಿಗುತ್ತಿತ್ತು. ಫೋನಿನಲ್ಲಿ ಅಪ್ಪ ಸಂಪಾದಕೀಯ ಓದುತ್ತಿದ್ದಾನೋ ಕ್ರಿಕೆಟ್ ನೋಡುತ್ತಿದ್ದಾನೋ ಮಗುವಿಗೆ ತಿಳಿಯುವುದಿಲ್ಲ. ಓದಿನ ಅಭ್ಯಾಸ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವ ಈ ಸಹಜ ದಾರಿ ಮುಚ್ಚಿರುವುದರ ಬಗ್ಗೆ ಸುದ್ದಿಮನೆಗಳಲ್ಲಿ ಚರ್ಚೆ ಕಡಿಮೆ, ಏಕೆಂದರೆ ಇದಕ್ಕೆ ಯಾವ ವಿನ್ಯಾಸಕಾರನ ಬಳಿಯೂ ಮದ್ದಿಲ್ಲ.

ಈಗ ಇನ್ನೊಂದು ಬಾಗಿಲು ತೆರೆದಿದೆ. ರಾಯಿಟರ್ಸ್‌ನ 2025ರ ವರದಿಯಂತೆ ವಾರಕ್ಕೊಮ್ಮೆಯಾದರೂ ಚಾಟ್‌ಜಿಪಿಟಿಯಂಥ ಎಐ ಚಾಟ್‌ಬಾಟ್ ಬಳಸಿ ಸುದ್ದಿ ತಿಳಿಯುವವರು ಒಟ್ಟಾರೆ ಶೇ 7, 25ರೊಳಗಿನವರಲ್ಲಿ ಶೇ 15. ‘ಯಾವ ಮಸೂದೆ, ಯಾಕೆ ತಿದ್ದುಪಡಿ, ನನಗೇನು’ ಎಂದು ಅವರು ನೇರವಾಗಿ ಕೇಳುತ್ತಾರೆ, ಅರ್ಥವಾಗದಿದ್ದರೆ ಮತ್ತೆ ಕೇಳುತ್ತಾರೆ. ಸಿಗುವ ಉತ್ತರ ತಪ್ಪಿರಬಹುದು, ಮೂಲ ಯಾವುದೆಂದು ಗೊತ್ತಾಗದೇ ಇರಬಹುದು. ಆದರೂ ಹನ್ನೊಂದನೇ ಪ್ಯಾರಾದವರೆಗೆ ಕಾಯಿಸುವುದಿಲ್ಲ. ನ್ಯೂಯಾರ್ಕ್ ಟೈಮ್ಸ್ 2023ರ ಡಿಸೆಂಬರ್‌ನಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಮೇಲೆ ಮೊಕದ್ದಮೆ ಹೂಡಿತು. ಆಕ್ಸೆಲ್ ಸ್ಪ್ರಿಂಗರ್, ಫೈನಾನ್ಶಿಯಲ್ ಟೈಮ್ಸ್, ನ್ಯೂಸ್ ಕಾರ್ಪ್ ಎಂಬ ಪತ್ರಿಕಾ ಸಂಸ್ಥೆಗಳು ತಮ್ಮ ಬರಹ ಬಳಸಲು ಅದೇ ಕಂಪನಿಯೊಂದಿಗೆ ಪರವಾನಗಿ ಒಪ್ಪಂದ ಮಾಡಿಕೊಂಡವು. ಮೊಕದ್ದಮೆಯೂ ಒಪ್ಪಂದವೂ ಬರಹದ ಬೆಲೆಗೆ ಸಂಬಂಧಿಸಿದವು. ಆ ಪ್ರಶ್ನೆ ಕೇಳಿದ ಹುಡುಗಿಗೆ ಪತ್ರಿಕೆಯ ಪುಟದಲ್ಲೇ ಉತ್ತರ ಸಿಗುವಂತೆ ಬರೆಯುವ ಕೆಲಸ ಸುದ್ದಿಮನೆಯ ಮೇಜಿನ ಮೇಲೆ ಹಾಗೆಯೇ ಬಾಕಿಯಿದೆ.